ರಾತ್ರಿ ಹತ್ತರ ಬಂಡೆ

ತಮ್ಮನ ತೋಳಿಗೆ ರಬ್ಬರ್ ಪಟ್ಟಿ ಬಿಗಿದೆ.
ನರ ಎದ್ದು ನಿಂತಿತು, ಕರೆದ ಕೂಡಲೆ
ಓಗೊಡುವ ಹುಡುಗನ ಹಾಗೆ.
ಇಪ್ಪತ್ತೆರಡು ವರ್ಷ. ಜ್ವರವಿಲ್ಲ, ಕೆಮ್ಮಿಲ್ಲ,
ಮುಂಜಾನೆ ಎರಡು ಪ್ಲೇಟು ಒಗ್ಗರಣಿ, ನಾಲ್ಕು ಮಿರ್ಚಿ ತಿಂದು
ಹೊಟ್ಟೆ ಸವರಿಕೊಂಡು ಬಂದಿದ್ದಾನೆ.
"ಅಕ್ಕಾ, ನಂಗೇನಾಗೇತಿ ಅಂತ ಚುಚ್ತೀ?"

ಏನೂ ಆಗಿಲ್ಲ ಯರ್ರಿಸ್ವಾಮಿ.
ಅಪ್ಪನಿಗೂ ಏನೂ ಆಗಿರಲಿಲ್ಲ,
ಮೂವತ್ತೊಂಬತ್ತಕ್ಕೆ, ಬಂಡಿಹಟ್ಟಿಯ ಆ ಶೆಡ್ಡಿನಲ್ಲಿ
ಎಂಬತ್ತು ಪದರ ಬಟ್ಟೆಯ ಮೇಲೆ
ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣ ಎಳೆಯುತ್ತ
ಅರ್ಧ ಗೆರೆಗೆ ನಿಂತು,
ಗೆರೆಯ ಮೇಲೆಯೇ ಮಲಗುವ ತನಕ.

ವರದಿ ಬಂತು. ಮೂರು ಪಾಯಿಂಟ್ ಎಂಟು.
ದಿನಕ್ಕೆ ಅರವತ್ತು ಜನರ ಅಂಕಿ ಟೈಪು ಮಾಡುವ ನಾನು
ಈ ಒಂದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡೆ.
ನೆಗಡಿ ಇದ್ದರೂ ಏರುತ್ತದೆ, ಹದಿನೈದು ದಿನ ಬಿಟ್ಟು
ಮತ್ತೆ ನೋಡಿ, ಎಂದರು ಡಾಕ್ಟರ್ ವಹೀದಾ.
ನೋಡಿದೆವು. ಮೂರು ಪಾಯಿಂಟ್ ಆರು.

ಅವರು ಬಿಡಿಸಿ ಹೇಳಿದರು: ಸಣ್ಣ ಉರಿಯೂತ,
ಮೈಗೆ ಗೊತ್ತಾಗದ್ದು, ನೆತ್ತರಿಗೆ ಮಾತ್ರ ಗೊತ್ತು.
ಹೃದಯಕ್ಕೆ ಹೋಗುವ ಕೊಳವೆಯ ಒಳಮೈಯನ್ನು
ವರ್ಷಗಟ್ಟಲೆ, ಅವಸರವಿಲ್ಲದೆ, ಕೆರೆಯುತ್ತದೆ.
"ಇಷ್ಟು ಚಿಕ್ಕ ವಯಸ್ಸಿಗೆ ಅಂದರೆ
ಒಂದಿಷ್ಟು ಜೀನ್ಸಿಂದಲೂ ಬಂದಿರಬೇಕು."

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು:
"ನಾ ಹೇಳಿರಲಿಲ್ಲೇನ್ರೀ! ಆ ಜೀನ್ಸಿನ ಧೂಳೇ!
ಅವ್ರಪ್ಪ ಕೆಮ್ಮಿದ್ರ ಕರ್ಚೀಪು ನೀಲಿ,
ಜಳಕದ ನೀರು ನೀಲಿ,
ತಲೆದಿಂಬಿನ ಮ್ಯಾಲೆ ಕಿವಿ ಗುರುತು ನೀಲಿ.
ಈಗ ಇವನೂ ಅಲ್ಲೇ ಹೊಲೀತಾನ."

ಡಾಕ್ಟರು ನಗಲಿಲ್ಲ. ನಾನೂ ತಿದ್ದಲಿಲ್ಲ.
ಯಾವ ಅಕ್ಷರ ತಿದ್ದಲಿ?

ಅಪ್ಪ ಅನ್ನುತ್ತಿದ್ದ: ಒಂದೇ ರಟ್ಟು, ಒಂದೇ ಕತ್ತರಿ,
ಎಂಬತ್ತೂ ಪ್ಯಾಂಟು ಒಂದೇ ತಾಯ ಮಕ್ಕಳು;
ಮುಂಡರಗಿಯ ವಾಷಿಂಗಿಗೆ ಹೋಗಿ ಬರಲಿ, ಆಗ ನೋಡು,
ಒಂದರ ಮೊಣಕಾಲು ಬೆಳ್ಳಗೆ, ಒಂದರ ತೊಡೆ ಹರಿದು,
ಒಂದು ಮಾತ್ರ ಅಂಗಡಿಯ ಗಾಜಿನೊಳಗೆ ಮಿಂಚುತ್ತ.
ಆದರೆ ರಟ್ಟಿನ ಅಂಚು ಸವೆದಿದ್ದರೆ
ಎಷ್ಟು ಸಲ ಒಗೆದರೂ
ಆ ಅರ್ಧ ಬೆರಳಿನ ಸೊಟ್ಟ ಹೋಗುವುದಿಲ್ಲ.

ಬೂದಿ ಮುಚ್ಚಿದ ಕೆಂಡ ಅಂತ ಹೇಳಿ ಮುಗಿಸಬಹುದಿತ್ತು.
ಅಲ್ಲ. ಕೆಂಡವನ್ನು ಊದಿದರೆ ಕೆಂಪಾಗುತ್ತದೆ, ಕಾಣುತ್ತದೆ.
ಇದು ನಮ್ಮ ಕೋಟೆ ಗುಡ್ಡದ ಬಂಡೆ.
ಏಪ್ರಿಲ್ ರಾತ್ರಿ ಹತ್ತಕ್ಕೆ ಬೆನ್ನು ಕೊಟ್ಟು ಕೂತು ನೋಡಿ:
ಬಿಸಿಲು ಹೋಗಿ ನಾಲ್ಕು ತಾಸು,
ಬೆಂಕಿಯಿಲ್ಲ, ಹೊಗೆಯಿಲ್ಲ,
ಆದರೂ ಕಲ್ಲು ಹಗಲನ್ನು ಬಿಟ್ಟುಕೊಟ್ಟಿಲ್ಲ.

ಆ ರಾತ್ರಿ ಅಲ್ಲೇ ಕೂತಿದ್ದೆವು ಇಬ್ಬರೂ.
ಅಜ್ಜ ನಲವತ್ತಾರು, ದೊಡ್ಡಪ್ಪ ನಲವತ್ತು, ಅಪ್ಪ ಮೂವತ್ತೊಂಬತ್ತು.
ಬೆರಳು ಮಡಚಿ ಎಣಿಸಿದ,
ಗಿರಾಕಿಯ ಸೊಂಟದ ಅಳತೆ ಒದರುವ ಹಾಗೆ.
"ಮನಿ ಮಾಡಲಿಲ್ಲ, ಸೈಟು ಮಾಡಲಿಲ್ಲ,
ಅಪ್ಪ ಏನೂ ಬಿಟ್ಟು ಹೋಗಿಲ್ಲ ಅಂತ ಮಂದಿ ಅಂತಿದ್ರಲ್ಲ?"
ನಕ್ಕ. ನನಗೆ ನಗು ಬಂದದ್ದು ತಡವಾಗಿ.
ಆಮೇಲೆ ಅಂದ: "ಅಚ್ಚು ಸೊಟ್ಟ ಇದ್ರ
ಬಟ್ಟಿ ಬಿಸಾಡಂಗಿಲ್ಲಕ್ಕ, ಹೊಲಿಗ್ಯಾಗ ಎಳಕೋಬೇಕು."
ಕಿಸೆಯಿಂದ ಗುಟ್ಕಾ ಪಾಕೀಟು ತೆಗೆದ,
ನೋಡಿದ,
ಮತ್ತೆ ಕಿಸೆಗೇ ಇಟ್ಟ.

ಇವತ್ತು ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದ ಮೇಲೆ
ಎಡಗೈಗೆ ಪಟ್ಟಿ ಬಿಗಿದುಕೊಂಡೆ, ತುದಿ ಹಲ್ಲಲ್ಲಿ ಕಚ್ಚಿ.
ಅದೇ ಅಚ್ಚಿನ ಇನ್ನೊಂದು ಪದರ ನಾನು.
ಟ್ಯೂಬು ತುಂಬಿತು. ಚೀಟಿ ಅಂಟಿಸಿದೆ.
ವಯಸ್ಸಿನ ಜಾಗದಲ್ಲಿ ಇಪ್ಪತ್ತಾರು ಅಂತ ಬರೆದೆ.
ಹೆಸರು ಬರೆಯಬೇಕು.
ಟ್ಯೂಬು ಅಂಗೈಯಲ್ಲಿ ಇನ್ನೂ ಬೆಚ್ಚಗಿದೆ,
ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ:
"ಮೇಡಂ, ಶುಗರ್ ಒಂದು ನೋಡ್ತೀರೇನ್ರೀ?"