ಊರಿಲ್ಲದ ರೈಲು

ಮೂವತ್ತೊಂದು ವರ್ಷ ಅಶೋಕಪುರಂ ವರ್ಕ್‌ಶಾಪಿನಲ್ಲಿ
ಬೋಗಿಗಳ ಹೊಟ್ಟೆಯಡಿ ಮಲಗಿ ಎದ್ದವನು ನಾನು.
ಅರಸೀಕೆರೆಗೆ, ತಾಳಗುಪ್ಪಕ್ಕೆ, ಚಾಮರಾಜನಗರಕ್ಕೆ
ಹೊರಟ ಗಾಲಿಗಳನ್ನು ಸುತ್ತಿಗೆಯಲ್ಲಿ ತಟ್ಟಿ
ಕಿವಿಗೊಟ್ಟು ಕೇಳಿ ಕಳಿಸಿದವನು.
ಒಡಕಿದ್ದರೆ ಕಬ್ಬಿಣ ಕೆಮ್ಮುತ್ತದೆ.

ಈಗ ದಸರಾ ವಸ್ತುಪ್ರದರ್ಶನದಲ್ಲಿ ನನ್ನ ಪಾಲಿಗೆ
ಹಸಿರು ಬಳಿದ ಒಂದು ರೈಲು. ಮೂತಿಗೆ ಡ್ರ್ಯಾಗನ್ನು,
ಹಲ್ಲು ಎರಡು ಮುರಿದಿವೆ. ಹತ್ತಿದಲ್ಲೇ ಇಳಿಸುತ್ತದೆ.
ಮೊದಲ ದಿನ ನಗು ಬಂತು:
ಊರೇ ಇಲ್ಲದ ರೈಲಿಗೆ ಟಿಕೆಟ್ಟು ಎಂಬತ್ತು ರೂಪಾಯಿ!

ಬೆಳಿಗ್ಗೆ, ಮೈದಾನ ಖಾಲಿಯಿರುವಾಗ,
ನಾನ್ನೂರ ಹನ್ನೆರಡು ಬೋಲ್ಟು.
ಒಂದೊಂದಕ್ಕೂ ಸ್ಪ್ಯಾನರ್ ಕೊಟ್ಟು ಕಾಲು ಸುತ್ತು.
ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.
ಹೊತ್ತಾಯಿತೆಂದು ಸೇಲಂನ ಮಾಲೀಕ ತಂಗವೇಲು ಬೈಯುತ್ತಾನೆ.
ಬೈಯಲಿ.

ಟಿಕೆಟ್ ಗೂಡಿನಲ್ಲಿ ಕೂರುವ ಮುನೀರಾ
ಬಿ.ಎ. ಓದುವ ಹುಡುಗಿ. ಗಿರಾಕಿ ಇಲ್ಲದ ಮಧ್ಯಾಹ್ನ
ಫೋನು ನೋಡಿ ನೋಡಿ ಹೇಳುತ್ತಾಳೆ:
ರಷ್ಯಾದಲ್ಲಂತೆ ಅಂಕಲ್, ಮುನ್ನೂರು ವರ್ಷದ ಹಿಂದೆ,
ಮರದ ಅಟ್ಟಣೆ ಕಟ್ಟಿ, ನೀರು ಸುರಿದು,
ರಾತ್ರಿಯೆಲ್ಲ ಹೆಪ್ಪುಗಟ್ಟಲು ಬಿಟ್ಟು
ಆ ಗುಡ್ಡದಿಂದ ಜಾರುತ್ತಿದ್ದರಂತೆ, ರಾಣಿಯರೂ.
ಫ್ರಾನ್ಸಿನವರಿಗೆ ಅಷ್ಟು ಚಳಿ ಎಲ್ಲಿ? ಗಾಲಿ ಹಾಕಿದರಂತೆ.
ಅಮೆರಿಕದ ಒಂದು ಬೆಟ್ಟದಲ್ಲಿ ಕಲ್ಲಿದ್ದಲ ಬಂಡಿ.
ತುಂಬಿದ್ದು ತನ್ನ ಭಾರಕ್ಕೆ ತಾನೇ ಇಳಿಯುವುದು,
ಖಾಲಿಯಾದದ್ದನ್ನು ಹೇಸರಗತ್ತೆಗಳು ಮೇಲೆಳೆಯುವುದು.
ಇಳಿಯುವಾಗ ಅವಕ್ಕೂ ಒಂದು ಬಂಡಿ.
ಒಮ್ಮೆ ಆ ರುಚಿ ಹತ್ತಿದ ಮೇಲೆ
ನಡೆದು ಇಳಿಯಲು ಒಪ್ಪಲೇ ಇಲ್ಲವಂತೆ ಅವು,
ಏಟು ಕೊಟ್ಟರೂ.
ಕಲ್ಲಿದ್ದಲಿಗೆ ಬೇರೆ ದಾರಿಯಾಯಿತು. ಹಳಿ ಉಳಿಯಿತು.
ಕಲ್ಲಿದ್ದಲ ಜಾಗದಲ್ಲಿ ಜನ ದುಡ್ಡು ಕೊಟ್ಟು ಕೂತರು.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಹಾಗಾದರೆ ಇದೂ ನಮ್ಮ ಕಡೆಯದೇ,
ಕೆಲಸ ಬಿಟ್ಟು ಆಟಕ್ಕೆ ಬಿದ್ದ ದಾಯಾದಿ.

ಜಂಬೂಸವಾರಿಯ ಮಾರನೆಯ ದಿನ, ಊರು ಸುಸ್ತಾಗಿರುವಾಗ,
ದೇವರಾಜ ಮಾರ್ಕೆಟ್ಟಿನ ಹೂವಿನ ಚಿಕ್ಕತಾಯಮ್ಮ ಬರುತ್ತಾಳೆ.
ಎಪ್ಪತ್ತು ದಾಟಿದೆ. ಬೋರ್ಡಿನ ಪ್ರಕಾರ ಹತ್ತಿಸಕೂಡದು.
"ಬೋರ್ಡು ಓದೋಕೆ ಬಂದ್ರೆ ತಾನೆ" ಅನ್ನುತ್ತಾಳೆ,
ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಮುಂದಿನ ಸೀಟಿಗೆ.
ಹಿಂದೆ ಕಾಲೇಜು ಹುಡುಗರು ಹೊರಡುವ ಮೊದಲೇ ಕಿರುಚುತ್ತಾರೆ.
ಆಕೆ ಸೆರಗು ಸಿಕ್ಕಿಸಿ ತೆಪ್ಪಗೆ ಕೂರುತ್ತಾಳೆ,
ಎಲೆಯಡಿಕೆ ಒಂದು ದವಡೆಗೆ ಒತ್ತರಿಸಿ.

ಟಕ್ ಟಕ್ ಟಕ್ ಎಂದು ಸರಪಳಿ ಏರಿಸುತ್ತದೆ.
ತುದಿಯಲ್ಲಿ ಒಂದು ಗಳಿಗೆ ನಿಂತಂತೆ:
ಒಂದು ಕಡೆ ಅರಮನೆಯ ದೀಪ, ಇನ್ನೊಂದು ಕಡೆ ಬೆಟ್ಟದ ದೀಪ,
ಕೆಳಗೆ ಡೆಲ್ಲಿ ಹಪ್ಪಳದ ಎಣ್ಣೆಹೊಗೆ.
ಆಮೇಲೆ ನೆಲ ಕೈಬಿಡುತ್ತದೆ.
ಒಂದು ಕಾಲಕ್ಕೆ ಇಲ್ಲಿ ಕೆರೆಯಿತ್ತು, ದೊಡ್ಡಕೆರೆ;
ನೀರಿಲ್ಲದ ಆ ನೀರಿಗೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ.

ಯಾಕಮ್ಮ ಪ್ರತಿ ವರ್ಷ, ಎಂದು ಕೇಳಿದೆ ಈ ಸಲ.
ಚಪ್ಪಲಿ ಮೆಟ್ಟುತ್ತಾ, ನನ್ನ ಭುಜ ಹಿಡಿದು:
"ಇಷ್ಟ್ ದಿನ ಬಿದ್ದಿದ್ದೆಲ್ಲ ಹೇಳ್ದೆ ಕೇಳ್ದೆ ಬಿದ್ದಿದ್ದು ಕಣಪ್ಪ.
ಗಂಡ ಹೋದ ಅಂತ ಸುದ್ದಿ ಬಂದಾಗ ಮೊಳ ಹಾಕ್ತಾ ಕೂತಿದ್ದೆ.
ಮಾರ್ಕೆಟ್ ಗೋಡೆ ಕುಸ್ದಾಗ ಟೀ ಕುಡೀತಿದ್ದೆ.
ಇದೊಂದೇ ನೋಡು, ಟಕ್ ಟಕ್ ಅಂತ ಮೊದ್ಲೇ ಹೇಳಿ,
ಎತ್ಕೊಂಡೋಗಿ ಬೀಳ್ಸಿ, ತಿರ್ಗ ನಿನ್ ಹತ್ರಾನೇ ತಂದ್ಬುಡ್ತದೆ."

ಆಕೆಯಿಂದ ದುಡ್ಡು ತಕ್ಕೊಳ್ಳಬೇಡವೆಂದು
ಮುನೀರಾಗೆ ಸನ್ನೆ ಮಾಡಿದ್ದೆ. ಬಿಟ್ಟಳೇ ಮುದುಕಿ?
ಚಿಲ್ಲರೆ ಎಣಿಸಿಟ್ಟಿದ್ದಳು. ಹೋಗುವಾಗ
ಮಡಿಲಿನಿಂದ ಒಂದು ತುಂಡು ಮಲ್ಲಿಗೆ ತೆಗೆದು
ಡ್ರ್ಯಾಗನ್ನಿನ ಮುರಿದ ಹಲ್ಲಿಗೆ ಸಿಕ್ಕಿಸಿದಳು.

ನಾನು ಇದುವರೆಗೆ ಅದರಲ್ಲಿ ಕೂತಿಲ್ಲ.
ಬೋಲ್ಟು ಗೊತ್ತಿರುವವನಿಗೆ ಭಯ ಜಾಸ್ತಿ.

ಬೆಳಿಗ್ಗೆ ಇನ್ನೂರ ಆರರ ಹತ್ತಿರ, ಬಾಡಿದ ಹೂವಿನ ವಾಸನೆಗೆ,
ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.