ತೂಬಿಲ್ಲದ ಊರು

ಟಾರ್ಗೆಟ್ ಮುಟ್ಟಿದ ಮೂವತ್ತಾರು ವಿಮಾ ಏಜೆಂಟರನ್ನು
ಕಂಪನಿ ವೆನಿಸ್ಸಿಗೆ ಕರೆದೊಯ್ದಿತು, ನಾಲ್ಕೂವರೆ ಗಂಟೆಯ ಮಟ್ಟಿಗೆ.
ಮುಳಬಾಗಿಲಿನಿಂದ ನಾನೊಬ್ಬಳೇ.

ಮರಳಿ ಬಂದ ಸಂಜೆ, ಕೆರೆಯೇರಿಯ ಮೇಲೆ,
ಪಿಳ್ಳಪ್ಪ ಮಾವ ಬೀಡಿ ಆರಿಸಿ ಕೇಳಿದ:
"ಅಂತಾ ನೀಳ್ಳೇನಾ?"
ಹೂಂ ಮಾವ, ಎಲ್ಲ ನೀರೇ.
ಬೀದಿ ಇರಬೇಕಾದಲ್ಲಿ ನೀರು, ಬಾಗಿಲು ತೆಗೆದರೆ ಮೆಟ್ಟಿಲು,
ಮೆಟ್ಟಿಲಿಳಿದರೆ ನೀರು.
"ತೂಬೆಲ್ಲಿ?" ಅಂದ.

ನಲವತ್ತು ವರ್ಷ ತೂಬೆತ್ತಿದ ಕೈ ಅದು.
ಯಾವ ಗದ್ದೆಗೆ ಎಷ್ಟು ಹೊತ್ತು ಅಂತ
ಹುಣಸೆ ನೆರಳು ನೋಡಿ ಹೇಳುತ್ತಿದ್ದ.
ಅವನಿಗೆ ನೀರೆಂದರೆ ಸರದಿ.

ತೂಬಿಲ್ಲ ಮಾವ. ಸಮುದ್ರವೇ ಒಳಗೆ ಬಂದು
ದಿನಕ್ಕೆರಡು ಸಲ ಉಸಿರಾಡಿ ಹೋಗುತ್ತದೆ.
ಉಪ್ಪು. ಒಂದು ಮಡಿ ಸೊಪ್ಪಿಗೂ ಆಗದು.
"ಅಂಗಾದ್ರೆ ಏನಕ್ಕಮ್ಮ ಅಷ್ಟು ನೀರು?"
ನೋಡೋಕೆ, ಅಂದೆ.
ಮಾವ ಬೀಡಿಯನ್ನು ಮತ್ತೆ ಹಚ್ಚಿದ.

ಚೆನ್ನಾಗಿತ್ತೇ ಅಂದರೆ ಚೆನ್ನಾಗಿತ್ತು, ಸುಳ್ಳೇಕೆ?
ಊರಿಗೆ ಊರಲ್ಲಿ ಒಂದು ಹಾರ್ನ್ ಇಲ್ಲ.
ಓಣಿಯಲ್ಲಿ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿದರೆ
ನನ್ನದೇ ಚಪ್ಪಲಿ ಸದ್ದು.
ಒಂದು ಸಣ್ಣ ಸೇತುವೆ. ಬಿಸಿಲು ನೀರಿಗೆ ಬಿದ್ದು ಮೇಲೆದ್ದು
ಕಮಾನಿನ ಹೊಟ್ಟೆಗೆ ಚಿನ್ನದ ಬಲೆ ನೇಯುತ್ತಿತ್ತು.
ಛತ್ರಿ ಎತ್ತಿಕೊಂಡ ಗೈಡು ಮುಂದೆ ಹೋದ,
ನಾನು ನಿಂತೇ ಇದ್ದೆ,
ಪ್ರೀಮಿಯಂ, ಕಂತು, ಬಾಕಿ, ಎಲ್ಲ ಮರೆತು.
ತರಕಾರಿ ದೋಣಿಯೊಂದು ಬಂತು. ಟೊಮೇಟೊ ಬಾಕ್ಸು,
ನಮ್ಮ ವಡ್ಡಹಳ್ಳಿ ಮಂಡಿಯಂಥದ್ದೇ ಬಾಕ್ಸು!
ರೇಟು ನೋಡಿ ಗುಣಿಸಿದೆ, ತಪ್ಪಿರಬೇಕೆಂದು ಮತ್ತೆ ಗುಣಿಸಿದೆ.

ಆದರೆ ಜನ ಮಾವ, ಜನ.
ಕುರುಡುಮಲೆಯಲ್ಲಿ ಸಂಕಷ್ಟಿಯ ದಿನದ ಸಾಲು,
ಸಾಲಿನ ಕೊನೆಗೆ ದೇವರಿಲ್ಲ, ಅಷ್ಟೇ ವ್ಯತ್ಯಾಸ.
ಊರೊಳಗೆ ಹೋಗಲು ದುಡ್ಡು.
ನಿಂತು ಕುಡಿದರೆ ಕಾಫಿಗೊಂದು ರೇಟು, ಕೂತರೆ ಇನ್ನೊಂದು.
ಒಂದಕ್ಕೆ ಹೋಗಲು ನೂರೈವತ್ತು ರೂಪಾಯಿ;
ಮಾಲೂರಿನ ಗೌರಾಂಬಿಕೆ ಹಠಕ್ಕೆ ಬಿದ್ದು
ಬಸ್ಸು ಹೋಟೆಲು ಮುಟ್ಟುವ ತನಕ ತಡೆದುಕೊಂಡಳು.
ಮೆಟ್ಟಿಲ ಮೇಲೆ ಚಪಾತಿ ಬಿಚ್ಚಿದೆವು, ಹುಚ್ಚೆಳ್ಳು ಪುಡಿ.
ಮೊದಲ ತುತ್ತಿಗೇ ಒಬ್ಬ ಬಂದು ಕೈಯಾಡಿಸಿದ: ಏಳಿ.
ಅಷ್ಟು ಸವೆದ ಕಲ್ಲು. ಯಾರೋ ಕೂತೇ ಸವೆದದ್ದಲ್ಲವೇ?

ವಾಪಸು ದೋಣಿಯಲ್ಲಿ ಒಬ್ಬ ಅಜ್ಜಿ,
ಆ ಊರಿನವಳೇ ಇರಬೇಕು, ಚೀಲದಲ್ಲಿ ಈರುಳ್ಳಿ ಹೂವು.
ಅವಳ ಸ್ಟಾಪು ಬಂತು. ಇಳಿಯಲಾಗಲಿಲ್ಲ.
ನಮ್ಮ ಬ್ಯಾಗು, ನಮ್ಮ ಸೆಲ್ಫಿ ಕೋಲು, ನಾವು.
ಏನೋ ಅಂದಳು. ಭಾಷೆ ಬಾರದಿದ್ದರೂ ತಿಳಿಯಿತು,
ಕೋಲಾರದ ಬಸ್ಸಿನಲ್ಲಿ ಆ ಮಾತು ನಾನೇ ಎಷ್ಟು ಸಲ ಆಡಿಲ್ಲ!
ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದಳು.
ಚೀಲದಿಂದಾಚೆ ಬಂದ ಹಸಿರು ಕಾಣುವಷ್ಟು ದೂರ
ನೋಡುತ್ತಲೇ ಇದ್ದೆ.

ಇಷ್ಟು ಹೇಳುವಷ್ಟರಲ್ಲಿ ಕತ್ತಲು.
ಏರಿಯ ಕೆಳಗೆ, ಬೆಂಗಳೂರು ಬಳಸಿ ತೊಳೆದು ಕಳಿಸಿದ ನೀರು
ಸಣ್ಣಗೆ ನೊರೆ ಕಟ್ಟಿಕೊಂಡು ಬರುತ್ತಿತ್ತು.
ಇದನ್ನು ನೋಡಲೂ ಭಾನುವಾರ ಬೈಕುಗಳು ಬರುತ್ತವೆ ಈಗ.
ತೂಬಿನ ಕಲ್ಲಿನ ಮೇಲೆ ಯಾರದೋ ಹೃದಯ, ಯಾರದೋ ಬಾಣ,
ಮೀನಿಗೆ ಕುರ್ಕುರೆ.
ಮಾವ ಬೈಯುವುದಿಲ್ಲ. "ನೋಡ್ಲಿ ಬುಡು.
ಇಪ್ಪತ್ ವರ್ಸ ಇದ್ರೊಳ್ಗೆ ಕುರಿ ಮೇಯ್ತಿದ್ವು."

ಎದ್ದು ಸೆರಗಿನ ಧೂಳು ಕೊಡವುವಾಗ ನೆನಪಾಯಿತು:
ಸಮುದ್ರದ ಬಾಯಲ್ಲಿ ಕಬ್ಬಿಣದ ಬಾಗಿಲುಗಳಿವೆಯಂತೆ ಮಾವ,
ತಳದಲ್ಲಿ ಮಲಗಿರುತ್ತವಂತೆ, ನೀರು ಮಿತಿ ಮೀರಿದರೆ ಏಳುತ್ತವಂತೆ.
ಗೈಡು ಹೇಳುತ್ತಿದ್ದ. ನಾನಾಗ ಐಸ್‌ಕ್ರೀಮಿನ ಸಾಲಿನಲ್ಲಿದ್ದೆ.

ಮುಖ ಕಾಣಲಿಲ್ಲ, ದನಿ ಮಾತ್ರ ನೆಟ್ಟಗಾಯಿತು.
"ಅಂಗನ್ನು ಮತ್ತೆ! ಯಾರಮ್ಮ ಅಲ್ಲಿ ನೀರುಗಂಟಿ?
ರಾತ್ರಿ ಒಬ್ನೇ ಇರ್ತಾನಾ?
ಬುತ್ತಿ ಯಾರು ತಂದ್ಕೊಡ್ತಾರೆ?"