ಏಳನೇ ಪೆಟ್ಟಿಗೆ

ಲಿಪಾ ಮರ ಹೂಬಿಟ್ಟ ವಾರ.
ಲುಬ್ಲಿಯಾನದ ಅಂಧರ ಶಾಲೆಗೆ ರಜೆ,
ತಂಗಿಯ ಮೊಮ್ಮಗಳು ತಿಂಕಾರಾ ಬಂದಿದ್ದಾಳೆ;
ಹನ್ನೊಂದು ವರ್ಷ, ಮಂಡಿಯ ತುಂಬ ತರಚು,
ಬಾಯಿಗೆ ಬೀಗವಿಲ್ಲ.

ಜೇನುಮನೆಯ ಗೋಡೆಯಲ್ಲಿ ಇಪ್ಪತ್ತು ಪೆಟ್ಟಿಗೆ,
ಒಂದೊಂದರ ಹಣೆಗೂ ಒಂದು ಚಿತ್ರದ ಹಲಗೆ, ನನ್ನಜ್ಜನ ಕಾಲದ್ದು:
ಬೇಟೆಗಾರನ ಚಟ್ಟಕ್ಕೆ ಹೆಗಲು ಕೊಟ್ಟ ಮೊಲ, ಕರಡಿ;
ಚಾಡಿಬುರುಕಿಯ ನಾಲಿಗೆಗೆ ಸಾಣೆ ಹಿಡಿಯುವ ಸೈತಾನ.
ಸಿಪ್ಪೆಯೆದ್ದ ಬಣ್ಣದ ಮೇಲೆ ಬೆರಳೋಡಿಸಿ ಕೇಳುತ್ತಾಳೆ:
"ಲೆನಾರ್ತಜ್ಜ, ಇದು ಮೊಲದ ಕಿವಿಯೋ, ಪಾದ್ರಿಯ ಟೋಪಿಯೋ?"
ಏಳನೆಯದು ಮಾತ್ರ ಬೋಳು. ಬಿಸಿಲು ನೆಕ್ಕಿಬಿಟ್ಟಿದೆ.

ಹೊಸ್ತಿಲಲ್ಲಿ ಸತ್ತುಬಿದ್ದ ನೊಣವೊಂದನ್ನು ಅಂಗೈಗಿಟ್ಟೆ.
ಬೆರಳು ದಪ್ಪವಾಯಿತೆಂದು ತುಟಿಯಿಂದ ಓದಿದಳು:
"ಅಯ್ಯೋ, ಕಣ್ಣಿನ ಮೇಲೂ ಕೂದಲು!"
ಹೌದು ಮಗಾ. ಹಿಂಗಾಲಲ್ಲಿ ಪರಾಗದ ಬುಟ್ಟಿ,
ಹಿಂದಿನ ರೆಕ್ಕೆಯನ್ನು ಮುಂದಿನದಕ್ಕೆ ಸಿಕ್ಕಿಸುವ ಕೊಕ್ಕೆ,
ನಿನ್ನ ಲಂಗಕ್ಕಿದೆಯಲ್ಲ, ಹಾಗೇ.
ಹೊಟ್ಟೆ ಎರಡು: ಮುಂದಿನದು ಊರಿನದು, ಹಿಂದಿನದು ತನ್ನದು,
ನಡುವೆ ಸಣ್ಣದೊಂದು ಬಾಗಿಲು; ತನಗೆ ಬೇಕಾದಷ್ಟೇ…
ಎನ್ನುವಷ್ಟರಲ್ಲಿ ಕಿರುಚಿದಳು.
ಕೊಂಡಿ.
ಸತ್ತದ್ದೂ ಕುಟುಕುತ್ತದೆಂದು ಹೇಳಲು ಮರೆತಿದ್ದೆ.

ಊದಿದ ತುಟಿಯಲ್ಲೇ ಗಂಜಿ ಸುರಿಯುತ್ತ ಲೆಕ್ಕ ಕೇಳಿದಳು. ಕೊಟ್ಟೆ:
ಮೊಟ್ಟೆ ಮೂರು ದಿನ, ಹುಳು ಆರು ದಿನ ಉಣ್ಣುತ್ತದೆ,
ಆಮೇಲೆ ಮೇಣದ ಮುಚ್ಚಳ, ನಿದ್ದೆ. ನಿದ್ದೆಯೇನು,
ತನ್ನನ್ನೇ ಕರಗಿಸಿ ಎರಕ ಹೊಯ್ದುಕೊಳ್ಳುವುದು.
ಇಪ್ಪತ್ತೊಂದಕ್ಕೆ ದುಡಿಯುವವಳು, ಇಪ್ಪತ್ತನಾಲ್ಕಕ್ಕೆ ಗಂಡು,
ರಾಣಿಗೆ ಹದಿನಾರೇ ಸಾಕು, ಉಂಡ ಊಟ ಅಂಥದ್ದು.
"ಗಂಡು ಏನು ಮಾಡುತ್ತಾನೆ?"
ತಿನ್ನುತ್ತಾನೆ. ಅವನಿಗೆ ಅಪ್ಪನಿಲ್ಲ, ಅಜ್ಜನಿದ್ದಾನೆ.
"ನನ್ನ ಹಾಗೇ," ಎಂದಳು. ಇನ್ನೊಂದು ಸೌಟು ಹಾಕಿಸಿಕೊಂಡಳು.

"ಒಳಗೆ ಕುಣೀತಾರಂತೆ. ಯಾರು ನೋಡ್ತಾರೆ?"
ಐವತ್ತು ವರ್ಷ ಪ್ರವಾಸಿಗರ ಮುಂದೆ ಸೊಂಟ ಕುಲುಕಿಸಿ ತೋರಿಸಿದವನು,
ಬಾಯಿ ತೆರೆದು ಮುಚ್ಚಿದೆ.
ಪೆಟ್ಟಿಗೆಯೊಳಗೆ ಕಗ್ಗತ್ತಲು. ಯಾರೂ ನೋಡುವುದಿಲ್ಲ.
ಬಂದವಳ ಮೈಗೆ ಮೀಸೆ ತಾಗಿಸಿ ಹಿಂದೆ ಹಿಂದೆ ಸುತ್ತುತ್ತಾರೆ,
ಎರಿ ನಡುಗುತ್ತದೆ, ಕಾಲು ಓದಿಕೊಳ್ಳುತ್ತದೆ.
ಕತ್ತಲಲ್ಲಿ ಸೂರ್ಯನೆಂದರೆ ನೆಟ್ಟಗೆ ಮೇಲಕ್ಕೆ;
ಅವಳು ಅಲ್ಲಿಂದ ಎಷ್ಟು ವಾಲಿ ನಡೆದಳೋ
ಹೊರಗೆ ಸೂರ್ಯನಿಂದ ಅಷ್ಟೇ ವಾಲಿದ ಕಡೆ ಹೂವು.
"ಹಾಗಾದರೆ ಅದು ಕುಣಿತ ಅಲ್ಲ," ಎಂದಳು,
"ಬ್ರೈಲ್."

ಸಂಜೆ ಏಳನೇ ಪೆಟ್ಟಿಗೆಗೆ ಕಿವಿಯಿಟ್ಟು ಕೂತಳು.
"ಒಬ್ಬಳು ಕೊಂಬೂದುತ್ತಿದ್ದಾಳೆ. ಇನ್ನಿಬ್ಬರು ಗೋಡೆಯೊಳಗಿಂದ
ಬಾತುಕೋಳಿಯ ಹಾಗೆ, ಗೊಗ್ಗರು ದನಿ…"
ನನಗೇನೂ ಕೇಳಿಸಲಿಲ್ಲ.
ಕೇಳಿಸದೆ ಎರಡು ವರ್ಷವಾಯಿತು; ಯಾರಿಗೂ ಹೇಳಿಲ್ಲ.
ಮುದಿರಾಣಿ ಹೋದ ಭಾನುವಾರವೇ ಅರ್ಧ ಊರು ಕಟ್ಟಿಕೊಂಡು ಹೊರಟಿದ್ದಳು.
ಈಗ ಕೋಣೆಯಿಂದ ಹೊರಬಿದ್ದ ಮಗಳು,
ಇನ್ನೂ ಮೇಣದೊಳಗಿದ್ದೇ ಉತ್ತರ ಕೊಡುವ ತಂಗಿಯರು.
ನಾಳೆ ಹಾರುತ್ತಾರೆ, ಇಲ್ಲವೇ ಕೊಲ್ಲುತ್ತಾರೆ.

ಹಾರಿದರು, ಹನ್ನೊಂದು ಗಂಟೆಗೆ.
ಬಿಸಿಲು ಕಣ್ಣು ಕುಕ್ಕಿ ಆಕಾಶವೆಲ್ಲ ತಡಕಾಡುತ್ತಿದ್ದೆ.
ಅವಳು ತೋರುಬೆರಳನ್ನು ಮೆಲ್ಲಗೆ ತಿರುಗಿಸುತ್ತ ತಿರುಗಿಸುತ್ತ
ಚೆರಿ ಮರಕ್ಕೆ ನಿಲ್ಲಿಸಿದಳು.
ಏಣಿ ತಂದೆ.

ಹೊರಡುವ ಹಿಂದಿನ ದಿನ ಬೋಳು ಹಲಗೆ ಕಳಚಿಸಿಕೊಂಡು
ಅಂಗಳದಲ್ಲಿ ಗುಂಡುತಲೆಯ ಮೊಳೆ ಬಡಿದಳು, ಮೂರು ಸಾಲು,
ಎರಡು ಹೆಬ್ಬೆರಳಿಗೂ ಏಟು.
ಏನು ಬರೆದೆ?
"ನೊಣಗಳಿಗೆ ಗೊತ್ತಾಗುತ್ತೆ ಬಿಡಿ."

ಅಕ್ಟೋಬರ್. ಗಂಡುಗಳನ್ನೆಲ್ಲ ರೆಕ್ಕೆ ಹಿಡಿದು ಹೊರಗೆ ನೂಕಿದ್ದಾಯಿತು,
ಉಳಿದವರು ರಾಣಿಯ ಸುತ್ತ ಉಂಡೆಗಟ್ಟುತ್ತಿದ್ದಾರೆ.
ದಿನಕ್ಕೊಮ್ಮೆ ಹೋಗಿ ಮೊಳೆಗಳ ಮೇಲೆ ಬೆರಳಾಡಿಸುತ್ತೇನೆ.
ತಣ್ಣಗಿವೆ. ಓದಲು ಬಾರದು.
ಕೆಳಸಾಲಿನ ಒಂದು ಮೊಳೆ ಸಡಿಲಾಗಿದೆ;
ಬಿದ್ದರೆ ಅಕ್ಷರ ಬೇರೆಯಾದೀತು,
ಹಿಮ ಬೀಳುವ ಮುನ್ನ ಬಡಿಯಬೇಕು.